ಟೆಕ್ಸ್ಚರ್ ಕಂಪ್ರೆಸ್ ಮಾಡಲು ಯಾವ ಸಾಫ್ಟ್‌ವೇರ್? ಮೊದಲು ಆ ಫೈಲನ್ನು ಓದುವವರು ಯಾರು ನೋಡಿ

ಪ್ರಶ್ನೆ: ನಾನು ಬ್ಲೆಂಡರ್‌ನಲ್ಲಿ ಗೇಮ್ ಮಾಡೆಲ್‌ಗಳನ್ನು ಮಾಡುತ್ತೇನೆ. ಅವುಗಳ ಮೇಲೆ ಹೊದಿಸುವ ಚಿತ್ರಗಳು, ಅಂದರೆ ಟೆಕ್ಸ್ಚರ್‌ಗಳೆಲ್ಲ, ಪಿಎನ್‌ಜಿಯಲ್ಲಿವೆ. ಡೈರೆಕ್ಟ್‌ಎಕ್ಸ್ 9 ಕಾಲದ ಒಂದು ಪಿಸಿ ಗೇಮ್‌ಗೆ ಮಾಡ್ ಮಾಡುವ ಗುಂಪಿಗೆ ಕಳಿಸಿದರೆ, ‘ಪಿಎನ್‌ಜಿ ಬೇಡ, ಡಿಡಿಎಸ್ ಕೊಡಿ’ ಎನ್ನುತ್ತಾರೆ. ಜಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಒತ್ತಿದರೆ ಹತ್ತಾರು ಆಯ್ಕೆಗಳು ಬರುತ್ತವೆ. ಬಿಸಿ1 ಅಂತ ಮೊದಲು ಕಂಡಿದ್ದನ್ನು ಒತ್ತಿದೆ. ಈಗ ಮೇಲ್ಮೈಯ ಉಬ್ಬು-ತಗ್ಗು ತೋರಿಸುವ ನಾರ್ಮಲ್ ಮ್ಯಾಪ್ ಚೌಕ ಚೌಕವಾಗಿ ಕಾಣುತ್ತಿದೆ. ಗಿಡದ ಎಲೆಗಳಿಗೆ ಬಿಸಿ3 ಹಾಕಿದೆ, ಅಂಚಿನಲ್ಲಿ ಬಿಳಿ ಗೆರೆ ಬಂದಿದೆ. ಯಾವ ಸಾಫ್ಟ್‌ವೇರ್ ತಗೊಂಡರೆ ಇದು ಸರಿಹೋಗುತ್ತದೆ? ದುಡ್ಡು ಕೊಟ್ಟು ತಗೊಳ್ಳಬೇಕಾ? ಇದೇ ಮಾಡೆಲ್‌ಗಳನ್ನು ಮುಂದೆ ಮೊಬೈಲ್ ಗೇಮ್‌ಗೂ ಬಳಸುವ ಯೋಚನೆ ಇದೆ.

ಉತ್ತರ:

ಹಳೆಯ ಗೇಮ್‌ನ ಕೆಲಸಕ್ಕೆ ಜಿಂಪ್ ಸಾಕು. ದುಡ್ಡಂತೂ ಕೊಡಬೇಡಿ. ನೀವು ಹೇಳಿದ ಎರಡು ತೊಂದರೆಗಳಲ್ಲಿ ಒಂದೂ ಸಾಫ್ಟ್‌ವೇರ್‌ನದ್ದಲ್ಲ. ಚೌಕಗಳು ಬಂದದ್ದು ಆ ಮ್ಯಾಪ್‌ಗೆ ಹೊಂದದ ಫಾರ್ಮ್ಯಾಟ್ ಆರಿಸಿದ್ದರಿಂದ. ಬಿಳಿ ಗೆರೆ ನಿಮ್ಮ ಪಿಎನ್‌ಜಿಯಲ್ಲೇ ಅಡಗಿತ್ತು, ಡಿಡಿಎಸ್ ಮಾಡಿದಾಗ ಕಣ್ಣಿಗೆ ಬಿತ್ತು ಅಷ್ಟೆ. ಎಷ್ಟು ದುಬಾರಿ ಪ್ರೋಗ್ರಾಂ ತಂದಿದ್ದರೂ ಇವೆರಡೂ ಹಾಗೇ ಇರುತ್ತಿದ್ದವು.

ಈ ವಿಷಯದಲ್ಲಿ ಎಲ್ಲರೂ ಮೊದಲು ಕೇಳುವುದು ‘ಯಾವ ಸಾಫ್ಟ್‌ವೇರ್’ ಅಂತ. ಅದು ಕೊನೆಗೆ ಬರಬೇಕಾದ ಪ್ರಶ್ನೆ. ಮೊದಲು ತಿಳಿಯಬೇಕಾದ್ದು ಎರಡು: ಈ ಫೈಲನ್ನು ಕೊನೆಗೆ ಓದುವವರು ಯಾರು, ಮತ್ತು ಚಿತ್ರದ ಒಳಗೆ ಇರುವುದು ಬಣ್ಣವೋ, ಬರೀ ಲೆಕ್ಕವೋ. ಇವೆರಡು ಗೊತ್ತಾದರೆ ಫಾರ್ಮ್ಯಾಟ್ ತಾನಾಗಿ ಗೊತ್ತಾಗುತ್ತದೆ. ಆ ಫಾರ್ಮ್ಯಾಟನ್ನು ಬರೆಯಬಲ್ಲ ಪ್ರೋಗ್ರಾಂಗಳು ಬೇಕಾದಷ್ಟಿವೆ, ಹೆಚ್ಚಿನವು ಉಚಿತ.

ಪಿಎನ್‌ಜಿ ಕೂಡ ಕಂಪ್ರೆಸ್ ಆದ ಫೈಲೇ ಅಲ್ವಾ, ಅದನ್ನೇ ಯಾಕೆ ಕೊಡಬಾರದು? ಪಿಎನ್‌ಜಿ, ಜೆಪೆಗ್ ಎರಡೂ ಡಿಸ್ಕ್‌ನಲ್ಲಿ ಮಾತ್ರ ಚಿಕ್ಕವು. ಗ್ರಾಫಿಕ್ಸ್ ಕಾರ್ಡ್ ಅವನ್ನು ನೇರವಾಗಿ ಓದಲಾರದು, ಪೂರ್ತಿ ಬಿಡಿಸಿ ಮೆಮೊರಿಯಲ್ಲಿ ಹರಡಬೇಕು. 2048×2048 ಅಳತೆಯ ಒಂದು ಚಿತ್ರ, ಪ್ರತಿ ಪಿಕ್ಸೆಲ್‌ಗೆ 4 ಬೈಟ್ ಲೆಕ್ಕದಲ್ಲಿ, 16 ಎಂಬಿ ಜಾಗ ತಿನ್ನುತ್ತದೆ. ಡಿಸ್ಕ್‌ನಲ್ಲಿ ಪಿಎನ್‌ಜಿ 3 ಎಂಬಿ ಇದ್ದರೂ ಅಷ್ಟೇ, 10 ಎಂಬಿ ಇದ್ದರೂ ಅಷ್ಟೇ. ದೂರದಿಂದ ನೋಡುವಾಗ ಬಳಸುವ ಚಿಕ್ಕ ಪ್ರತಿಗಳು, ಅಂದರೆ ಮಿಪ್‌ಮ್ಯಾಪ್‌ಗಳು, ಸೇರಿದರೆ ಮೂರನೇ ಒಂದು ಪಾಲು ಜಾಸ್ತಿಯಾಗಿ 21 ಎಂಬಿ ದಾಟುತ್ತದೆ. ಒಂದು ಮಾಡೆಲ್‌ಗೆ ಇಂಥ ಮೂರ್ನಾಲ್ಕು ಮ್ಯಾಪ್ ಇರುತ್ತವೆ. ಒಂದು ದೃಶ್ಯದಲ್ಲಿ ನೂರಾರು ಮಾಡೆಲ್ ಇರುತ್ತವೆ.

ಬಿಸಿ, ಅಂದರೆ ಬ್ಲಾಕ್ ಕಂಪ್ರೆಷನ್, ಎಂಬ ಹೆಸರಿನ ಫಾರ್ಮ್ಯಾಟ್‌ಗಳು ಬೇರೆ ದಾರಿ ಹಿಡಿಯುತ್ತವೆ. ಚಿತ್ರವನ್ನು 4×4 ಪಿಕ್ಸೆಲ್‌ಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡನ್ನೂ ಸರಿಯಾಗಿ ಒಂದೇ ಗಾತ್ರಕ್ಕೆ ಇಳಿಸುತ್ತವೆ. ಒಂದೇ ಅಳತೆಯ ಡಬ್ಬಿಗಳನ್ನು ಸಾಲಾಗಿ ಜೋಡಿಸಿಟ್ಟ ಹಾಗೆ. ನೂರನೆಯ ಡಬ್ಬಿ ಬೇಕೆಂದರೆ ಮೊದಲಿನ ತೊಂಬತ್ತೊಂಬತ್ತನ್ನು ತೆರೆಯಬೇಕಿಲ್ಲ, ನೇರವಾಗಿ ಕೈ ಹಾಕಬಹುದು. ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ಅವನ್ನು ಬಿಡಿಸದೆ ಮೆಮೊರಿಯಲ್ಲಿ ಇಟ್ಟುಕೊಂಡು, ಬೇಕಾದ ತುಂಡನ್ನು ಬೇಕಾದಾಗ ಓದುತ್ತದೆ. ಅದೇ 2048ರ ಚಿತ್ರ ಬಿಸಿ1ರಲ್ಲಿ 2 ಎಂಬಿ, ಬಿಸಿ3 ಅಥವಾ ಬಿಸಿ7ರಲ್ಲಿ 4 ಎಂಬಿ. ಚಿತ್ರದಲ್ಲಿ ಏನಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಡಿಡಿಎಸ್ ಅನ್ನುವುದು ಇವನ್ನೆಲ್ಲ ತುಂಬುವ ಲಕೋಟೆ ಮಾತ್ರ. ಒಳಗೆ ಬಿಸಿ1 ಇರಬಹುದು, ಬಿಸಿ7 ಇರಬಹುದು, ಕಂಪ್ರೆಸ್ ಆಗದ ಚಿತ್ರವೂ ಇರಬಹುದು. ಆದ್ದರಿಂದ ‘ಡಿಡಿಎಸ್ ಕೊಡಿ’ ಎಂದಷ್ಟೇ ಹೇಳಿದರೆ ಮಾತು ಅರ್ಧವಾಯಿತು. ಒಳಗೆ ಏನು ಬೇಕು ಅಂತ ಆ ಗುಂಪನ್ನು ಕೇಳಿ.

ಈಗ ಚೌಕಗಳ ವಿಷಯ. ಬಿಸಿ1 ಒಂದು ತುಂಡಿನ 16 ಪಿಕ್ಸೆಲ್‌ಗಳಿಗೆ 8 ಬೈಟ್ ಮಾತ್ರ ಕೊಡುತ್ತದೆ. ಅದರಲ್ಲಿ ಎರಡು ಬಣ್ಣಗಳನ್ನು ಬರೆದಿಡುತ್ತದೆ, ಅವೂ ಪೂರ್ತಿ ಬಣ್ಣಗಳಲ್ಲ: ಕೆಂಪಿಗೆ 5 ಬಿಟ್, ಹಸಿರಿಗೆ 6, ನೀಲಿಗೆ 5. ಆ ಎರಡರ ನಡುವೆ ಇನ್ನೆರಡು ಬಣ್ಣ ಲೆಕ್ಕ ಹಾಕಿಕೊಳ್ಳುತ್ತದೆ. ಅಂದರೆ ಒಂದು ತುಂಡಿಗೆ ಒಟ್ಟು ನಾಲ್ಕೇ ಬಣ್ಣ, ಅವೂ ಒಂದೇ ಗೆರೆಯ ಮೇಲೆ. ಗೋಡೆ, ಮಣ್ಣು, ಬಟ್ಟೆಯಂಥ ಚಿತ್ರಗಳಿಗೆ ಇದು ಆಶ್ಚರ್ಯವಾಗುವಷ್ಟು ಚೆನ್ನಾಗಿ ನಡೆಯುತ್ತದೆ, ಯಾಕೆಂದರೆ ಅಷ್ಟು ಚಿಕ್ಕ ಜಾಗದಲ್ಲಿ ಸಾಮಾನ್ಯವಾಗಿ ಒಂದೇ ಬಣ್ಣದ ತಿಳಿ-ಗಾಢ ಛಾಯೆಗಳಿರುತ್ತವೆ.

ನಾರ್ಮಲ್ ಮ್ಯಾಪ್ ಹಾಗಲ್ಲ. ಅದರ ಕೆಂಪು ಮತ್ತು ಹಸಿರು ಚಾನೆಲ್‌ಗಳು ಬಣ್ಣಗಳೇ ಅಲ್ಲ, ಮೇಲ್ಮೈ ಎತ್ತ ಕಡೆ ವಾಲಿದೆ ಎನ್ನುವ ಎರಡು ಬೇರೆ ಬೇರೆ ಅಳತೆಗಳು. ಒಂದು ಹೆಚ್ಚಾದಾಗ ಇನ್ನೊಂದು ಹೆಚ್ಚಾಗಬೇಕೆಂದೇನೂ ಇಲ್ಲ. ಎರಡನ್ನೂ ಒಂದೇ ಗೆರೆಗೆ ಎಳೆದು ಕೂರಿಸಿದರೆ ವಾಲುವಿಕೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಬೆಳಕು ಬಿದ್ದಾಗ ಆ ಮೆಟ್ಟಿಲುಗಳೇ ಚೌಕಗಳಾಗಿ ಕಾಣುತ್ತವೆ. ಹೊಳೆಯುವ ಲೋಹದ ಮೇಲಂತೂ ನೋಡಲಾಗುವುದಿಲ್ಲ.

ಇದಕ್ಕೆಂದೇ ಇರುವುದು ಬಿಸಿ5. ಅದು ಎರಡು ಚಾನೆಲ್‌ಗಳನ್ನು ಮಾತ್ರ ಇಡುತ್ತದೆ, ಒಂದಕ್ಕೊಂದು ಸಂಬಂಧವಿಲ್ಲದಂತೆ. ಪ್ರತಿಯೊಂದಕ್ಕೂ ತುಂಡಿಗೆ ಎಂಟು ಮೆಟ್ಟಿಲು ಸಿಗುತ್ತದೆ. ಮೂರನೆಯ ಅಳತೆಯನ್ನು ಉಳಿದೆರಡರಿಂದ ಶೇಡರ್, ಅಂದರೆ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಓಡುವ ಗೇಮ್‌ನ ಚಿಕ್ಕ ಪ್ರೋಗ್ರಾಂ, ಲೆಕ್ಕ ಹಾಕಿಕೊಳ್ಳುತ್ತದೆ. ಆದರೆ ಹಾಗೆ ಲೆಕ್ಕ ಹಾಕಲು ಗೇಮ್‌ಗೆ ಗೊತ್ತಿರಬೇಕು. ನಿಮ್ಮ ಹಳೆಯ ಗೇಮ್‌ಗೆ ಅದು ಗೊತ್ತಿಲ್ಲದಿದ್ದರೆ ಬಿಸಿ5 ಕೊಟ್ಟು ಉಪಯೋಗವಿಲ್ಲ. ಆ ಕಾಲದ ಕೆಲವು ಗೇಮ್‌ಗಳು ಒಂದು ಉಪಾಯ ಮಾಡುತ್ತಿದ್ದವು: ಕೆಂಪಿನಲ್ಲಿ ಇರಬೇಕಾದ್ದನ್ನು ಆಲ್ಫಾಕ್ಕೆ (ಪಾರದರ್ಶಕತೆ ಇಡುವ ನಾಲ್ಕನೆಯ ಚಾನೆಲ್‌ಗೆ) ಸಾಗಿಸಿ ಬಿಸಿ3ರಲ್ಲಿ ಉಳಿಸುವುದು. ಜಿಂಪ್‌ನ ಪಟ್ಟಿಯಲ್ಲಿ ಬಿಸಿ3ಎನ್ಎಂ ಅಂತ ಕಾಣುವುದು ಅದೇ. ಅದೂ ಗೇಮ್ ಒಪ್ಪಿದರೆ ಮಾತ್ರ. ಎರಡನ್ನೂ ಒಪ್ಪದ ಗೇಮ್ ಆದರೆ ಮುಖ್ಯ ಪಾತ್ರದಂಥ ಒಂದೆರಡು ಮಾಡೆಲ್‌ಗಳ ನಾರ್ಮಲ್ ಮ್ಯಾಪನ್ನು ಕಂಪ್ರೆಸ್ ಮಾಡದೆ, ಅರ್ಧ ಅಳತೆಗೆ ಇಳಿಸಿ ಕೊಡಿ. 1024ರ ಸ್ವಚ್ಛವಾದ ನಾರ್ಮಲ್ ಮ್ಯಾಪ್, 2048ರ ಚೌಕ ಚೌಕದ ಮ್ಯಾಪ್‌ಗಿಂತ ಎಷ್ಟೋ ಮೇಲು. ಎರಡು ಪಟ್ಟು ಜಾಗ ಹೋಗುತ್ತದೆ, ಹೋಗಲಿ.

ಬಿಸಿ1 ಬೇಡವೆಂದು ಬಿಸಿ3ಕ್ಕೆ ಹೋದರೆ ಬಣ್ಣ ಸುಧಾರಿಸುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಸುಧಾರಿಸುವುದಿಲ್ಲ. ಬಿಸಿ3ರ ಬಣ್ಣದ ಭಾಗ ಬಿಸಿ1ರಂತೆಯೇ ಇದೆ. ಹೆಚ್ಚುವರಿ 8 ಬೈಟ್ ಪೂರ್ತಿ ಆಲ್ಫಾಕ್ಕೆ ಹೋಗುತ್ತದೆ. ಆಲ್ಫಾ ಇಲ್ಲದ ಚಿತ್ರಕ್ಕೆ ಬಿಸಿ3 ಹಾಕಿದರೆ ಸುಮ್ನೆ ಎರಡು ಪಟ್ಟು ಮೆಮೊರಿ ಖರ್ಚು. ಬಣ್ಣ ನಿಜವಾಗಿಯೂ ಚೆನ್ನಾಗಿ ಬರಬೇಕೆಂದರೆ ಬಿಸಿ7 ಬೇಕು. ಅದರಲ್ಲಿ ಎಂಟು ಬಗೆಯ ಮೋಡ್‌ಗಳಿವೆ, ಪ್ರತಿ ತುಂಡಿಗೂ ಯಾವುದು ಹೊಂದುತ್ತದೋ ಅದನ್ನು ಕಂಪ್ರೆಸ್ ಮಾಡುವ ಪ್ರೋಗ್ರಾಂ, ಅಂದರೆ ಎನ್‌ಕೋಡರ್, ಆರಿಸುತ್ತದೆ. ಗಾತ್ರ ಬಿಸಿ3ರಷ್ಟೇ, ಗುಣಮಟ್ಟ ಬೇರೆಯೇ. ಆದರೆ ಬಿಸಿ7 ಬಂದದ್ದು ಡೈರೆಕ್ಟ್‌ಎಕ್ಸ್ 11ರ ಜೊತೆ, 2009ರಲ್ಲಿ. ಅದಕ್ಕೆ ಡಿಡಿಎಸ್ ಫೈಲ್‌ನ ತಲೆಯಲ್ಲಿ ಹೊಸ ಬಗೆಯ ಹೆಡರ್ ಬೇಕು, ಡೈರೆಕ್ಟ್‌ಎಕ್ಸ್ 9ರ ಗೇಮ್ ಅದನ್ನು ಓದುವುದಿಲ್ಲ. ಸ್ಕೈರಿಮ್ ಇದಕ್ಕೆ ಒಳ್ಳೆಯ ಉದಾಹರಣೆ: 2011ರ ಮೂಲ ಆವೃತ್ತಿಗೆ ಬಿಸಿ7 ಆಗದು, 2016ರ ಸ್ಪೆಷಲ್ ಎಡಿಷನ್‌ಗೆ ಆಗುತ್ತದೆ. ಒಂದೇ ಗೇಮ್, ಆದರೂ ಮಾಡ್ ಮಾಡುವವರು ಎರಡು ಬಗೆಯ ಫೈಲ್ ಇಟ್ಟುಕೊಳ್ಳಬೇಕು.

ಹಾಗಾದರೆ ನಿಮ್ಮ ಹಳೆಯ ಗೇಮ್‌ಗೆ ಸರಳ ಲೆಕ್ಕ ಇಷ್ಟೇ. ಆಲ್ಫಾ ಇಲ್ಲದ ಬಣ್ಣದ ಮ್ಯಾಪ್‌ಗೆ ಬಿಸಿ1. ಆಲ್ಫಾ ಇದ್ದರೆ ಬಿಸಿ3. ನಾರ್ಮಲ್‌ಗೆ ಗುಂಪು ಹೇಳಿದ್ದು. ಚಿತ್ರದ ಅಗಲ, ಎತ್ತರ 512, 1024, 2048ರಂಥ ಸಂಖ್ಯೆಗಳೇ ಆಗಿರಲಿ. ಜಿಂಪ್‌ನ ಡಿಡಿಎಸ್ ಎಕ್ಸ್‌ಪೋರ್ಟ್ 2.10.10ರಿಂದ ಒಳಗೇ ಸೇರಿದೆ, ಬೇರೆ ಪ್ಲಗಿನ್ ಬೇಡ. ಎಕ್ಸ್‌ಪೋರ್ಟ್ ಕಿಟಕಿಯಲ್ಲಿ ಮಿಪ್‌ಮ್ಯಾಪ್ ತಯಾರಿಸುವ ಆಯ್ಕೆಯನ್ನು ನೀವೇ ಆನ್ ಮಾಡಬೇಕು. ಮರೆತರೆ ದೂರದ ಗೋಡೆಗಳು ಮಿಣುಕಾಡುತ್ತವೆ. ಅಲ್ಲೇ ಕಣ್ಣಿನ ಗ್ರಹಿಕೆಗೆ ತಕ್ಕಂತೆ ದೋಷ ಅಳೆಯುವ ಒಂದು ಟಿಕ್ ಇದೆ, ಪರ್ಸೆಪ್ಚುಯಲ್ ಎರರ್ ಮೆಟ್ರಿಕ್ ಅಂತ. ಬಣ್ಣದ ಚಿತ್ರಕ್ಕೆ ಅದನ್ನು ಹಾಕಬಹುದು. ನಾರ್ಮಲ್ ಮ್ಯಾಪ್‌ಗೆ, ಮೇಲ್ಮೈ ಎಷ್ಟು ಒರಟು ಎಂದು ಹೇಳುವ ರಫ್‌ನೆಸ್ ಮ್ಯಾಪ್‌ಗೆ ಖಂಡಿತ ಬೇಡ. ಅದು ಹಸಿರಿಗೆ ಜಾಸ್ತಿ, ನೀಲಿಗೆ ಕಡಿಮೆ ಬೆಲೆ ಕೊಡುತ್ತದೆ; ಅಲ್ಲಿರುವುದು ಬಣ್ಣವಲ್ಲ, ಲೆಕ್ಕ.

ಎಲೆಗಳ ಬಿಳಿ ಗೆರೆಗೆ ಬರೋಣ. ಪಾರದರ್ಶಕ ಪಿಕ್ಸೆಲ್‌ಗೂ ಒಂದು ಬಣ್ಣ ಇರುತ್ತದೆ, ಕಾಣಿಸುವುದಿಲ್ಲ ಅಷ್ಟೆ. ನಿಮ್ಮ ಪಿಎನ್‌ಜಿಯಲ್ಲಿ ಎಲೆಯ ಸುತ್ತ ಅದು ಬಿಳಿ ಇದೆ. ಗ್ರಾಫಿಕ್ಸ್ ಕಾರ್ಡ್ ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಬೆರೆಸಿ ಓದುವಾಗ ಆ ಬಿಳಿ ಅಂಚಿಗೆ ಸೇರಿಕೊಳ್ಳುತ್ತದೆ. ಮಿಪ್‌ಮ್ಯಾಪ್ ಚಿಕ್ಕದಾದಷ್ಟೂ ಇನ್ನಷ್ಟು ಒಳಗೆ ಹರಡುತ್ತದೆ. ಪರಿಹಾರ: ಎಲೆಯ ಹಸಿರನ್ನೇ ಸುತ್ತಲಿನ ಖಾಲಿ ಜಾಗಕ್ಕೂ ಹರಡಿ, ಆಕಾರವನ್ನು ಆಲ್ಫಾಕ್ಕೆ ಮಾತ್ರ ಬಿಡಿ. ಬ್ಲೆಂಡರ್‌ನಲ್ಲಿ ಬೇಕ್ ಮಾಡುವಾಗ, ಅಂದರೆ ಮಾಡೆಲ್‌ನ ಬಣ್ಣವನ್ನು ಚಿತ್ರಕ್ಕೆ ಇಳಿಸುವಾಗ, ಮಾರ್ಜಿನ್ ಜಾಸ್ತಿ ಕೊಟ್ಟರೆ ಅರ್ಧ ಕೆಲಸ ಮುಗಿಯುತ್ತದೆ. ಜಿಂಪ್‌ನಿಂದ ಪಿಎನ್‌ಜಿ ಉಳಿಸುವಾಗ ಪಾರದರ್ಶಕ ಪಿಕ್ಸೆಲ್‌ಗಳ ಬಣ್ಣವನ್ನೂ ಉಳಿಸುವ ಟಿಕ್ ಹಾಕಿ, ಇಲ್ಲವಾದರೆ ಹರಡಿದ ಹಸಿರು ಉಳಿಸುವಾಗಲೇ ಅಳಿಸಿಹೋಗುತ್ತದೆ. ಇಂಥ ಕೆಲಸಕ್ಕೆ ನನಗೆ ಟಿಜಿಎ ಇಷ್ಟ. ಹಳೇ ಫಾರ್ಮ್ಯಾಟ್, ಆದರೆ ಆಲ್ಫಾವನ್ನು ನಾಲ್ಕನೆಯ ಚಾನೆಲ್ ಅಂತ ನೋಡುತ್ತದೆಯೇ ಹೊರತು ಅತಿ ಬುದ್ಧಿವಂತಿಕೆ ತೋರಿಸುವುದಿಲ್ಲ.

ಗಿಡಗಳಲ್ಲಿ ಇನ್ನೊಂದು ತೊಂದರೆ ಬರುತ್ತದೆ. ದೂರ ಹೋದ ಹಾಗೆ ಮರ ಬೋಳಾಗುತ್ತದೆ. ಮಿಪ್‌ಮ್ಯಾಪ್ ಮಾಡುವಾಗ ಆಲ್ಫಾ ಸರಾಸರಿಯಾಗಿ ತೆಳುವಾಗುತ್ತದೆ, ಗೇಮ್ ಇಟ್ಟುಕೊಂಡ ಮಿತಿಗಿಂತ ಕೆಳಗಿಳಿದ ಎಲೆಗಳೆಲ್ಲ ಮಾಯ. ಆಲ್ಫಾ ಕವರೇಜ್ ಉಳಿಸುವ ಆಯ್ಕೆ ಜಿಂಪ್‌ನಲ್ಲೂ ಇದೆ, ಮುಂದೆ ಹೇಳುವ ಟೆಕ್ಸ್‌ಕಾನ್ವ್ ಎಂಬ ಪ್ರೋಗ್ರಾಂನಲ್ಲೂ ಇದೆ. ಅದರಲ್ಲಿ ಗೇಮ್ ಬಳಸುವ ಮಿತಿಯನ್ನೇ ಬರೆಯಿರಿ.

ಈಗ ಸಾಫ್ಟ್‌ವೇರ್‌ಗಳ ಮಾತು. ನಿಮ್ಮ ಕೈಯಲ್ಲಿರುವುದು ಜಿಂಪ್, ಬಿಸಿ1ರಿಂದ ಬಿಸಿ5ರವರೆಗೆ ಅದನ್ನೇ ಬಳಸಿ. ಹೊಸ ಗೇಮ್‌ಗೆ ಬಿಸಿ7 ಬೇಕಾದಾಗ ನಾನು ಬೇರೆಡೆ ಹೋಗುತ್ತೇನೆ. ವಿಂಡೋಸ್ ಇದ್ದರೆ ಪೇಂಟ್ ಡಾಟ್ ನೆಟ್ ತುಂಬಾ ಸರಳ. ಡಿಡಿಎಸ್ ಅದರ ಒಳಗೇ ಇದೆ, ಬಿಸಿ7 ಬರೆಯುತ್ತದೆ, ಆಯ್ಕೆಗಳೂ ಕಡಿಮೆ. ಅಪರೂಪಕ್ಕೊಮ್ಮೆ ಒಂದೆರಡು ಫೈಲ್ ಮಾಡುವವರಿಗೆ ಅಷ್ಟೇ ಸಾಕು.

ಎನ್‌ವಿಡಿಯಾದ ಟೆಕ್ಸ್ಚರ್ ಟೂಲ್ಸ್ ಎಕ್ಸ್‌ಪೋರ್ಟರ್ ಉಚಿತ. ಒಂಟಿಯಾಗಿಯೂ ಓಡುತ್ತದೆ, ಫೋಟೋಶಾಪ್ ಪ್ಲಗಿನ್ ಆಗಿಯೂ ಓಡುತ್ತದೆ. ಕಂಪ್ರೆಸ್ ಆದ ಮೇಲೆ ಹೇಗೆ ಕಾಣುತ್ತದೆ ಎಂದು ಉಳಿಸುವ ಮೊದಲೇ ತೋರಿಸುತ್ತದೆ, ಅದೇ ಅದರ ದೊಡ್ಡ ಗುಣ. ಫೋಟೋಶಾಪ್ ತಾನಾಗಿ ಡಿಡಿಎಸ್ ಬರೆಯುವುದಿಲ್ಲ, ಪ್ಲಗಿನ್ ಬೇಕೇ ಬೇಕು. ಇಂಟೆಲ್‌ನದ್ದೂ ಒಂದು ಪ್ಲಗಿನ್ ಇತ್ತು, ಹಳೆಯ ಪಾಠಗಳಲ್ಲಿ ಈಗಲೂ ಅದರ ಹೆಸರು ಕಾಣುತ್ತದೆ. ಅದರ ಕೆಲಸ ನಿಂತುಹೋಗಿದೆ, ಹೊಸದಾಗಿ ಶುರು ಮಾಡುವವರು ಅತ್ತ ಹೋಗಬೇಡಿ.

ಎಎಂಡಿಯ ಕಂಪ್ರೆಸನೇಟರ್ ಅನ್ನು ನಾನು ಕಂಪ್ರೆಸ್ ಮಾಡುವುದಕ್ಕಿಂತ ಹೋಲಿಸಿ ನೋಡಲು ಜಾಸ್ತಿ ಬಳಸುತ್ತೇನೆ. ಮೂಲ ಚಿತ್ರ ಮತ್ತು ಕಂಪ್ರೆಸ್ ಆದ ಚಿತ್ರದ ನಡುವಿನ ವ್ಯತ್ಯಾಸವನ್ನೇ ಒಂದು ಚಿತ್ರವಾಗಿ ತೋರಿಸುತ್ತದೆ. ಎಲ್ಲಿ ಕೆಟ್ಟಿದೆ ಎಂದು ಊಹಿಸಬೇಕಿಲ್ಲ.

ಫೈಲ್‌ಗಳು ಹತ್ತು ದಾಟಿದವೆಂದರೆ ಮೌಸ್ ಬಿಡಿ. ಮೈಕ್ರೋಸಾಫ್ಟ್‌ನ ಡೈರೆಕ್ಟ್‌ಎಕ್ಸ್‌ಟೆಕ್ಸ್ ಜೊತೆ ಬರುವ ಟೆಕ್ಸ್‌ಕಾನ್ವ್ ಒಂದು ಚಿಕ್ಕ ಕಮಾಂಡ್ ಲೈನ್ ಪ್ರೋಗ್ರಾಂ. ಒಂದು ಫೋಲ್ಡರ್ ತೋರಿಸಿದರೆ ಒಳಗಿನದ್ದೆಲ್ಲ ಮಾಡಿ ಮುಗಿಸುತ್ತದೆ. ಮಿಪ್‌ಮ್ಯಾಪ್‌ಗಳನ್ನು ಹೇಳದೆಯೇ ತಯಾರಿಸುತ್ತದೆ. ಹಳೆಯ ಗೇಮ್‌ಗೆ ಡೈರೆಕ್ಟ್‌ಎಕ್ಸ್ 9ರ ಹೆಡರ್ ಬೇಕೆಂದರೆ ಅದಕ್ಕೂ ಸ್ವಿಚ್ ಇದೆ. ಮಾಡ್ ಗುಂಪಿನಲ್ಲಿ ಕೆಲಸ ಮಾಡುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ. ಕಾರಣ ವೇಗವಲ್ಲ. ಬಣ್ಣದ ಮ್ಯಾಪ್‌ಗೆ ಒಂದು ಸಾಲು, ನಾರ್ಮಲ್‌ಗೆ ಒಂದು ಸಾಲು ಅಂತ ಬ್ಯಾಚ್ ಫೈಲ್‌ನಲ್ಲಿ ಬರೆದಿಟ್ಟರೆ ಗುಂಪಿನ ಎಲ್ಲರಿಂದಲೂ ಒಂದೇ ಥರದ ಫೈಲ್ ಬರುತ್ತದೆ. ಕಿಟಕಿಯಲ್ಲಿ ಟಿಕ್ ಹಾಕುವ ಕೆಲಸದಲ್ಲಿ ಒಬ್ಬರು ಒಂದು ದಿನ ಒಂದು ಟಿಕ್ ಮರೆಯುತ್ತಾರೆ. ಮಿಪ್‌ಮ್ಯಾಪ್ ಇಲ್ಲದ ಆ ಒಂದು ಫೈಲ್ ಯಾವುದೆಂದು ಸಾವಿರ ಫೈಲ್‌ಗಳ ನಡುವೆ ಹುಡುಕುವುದು ಯಾರಿಗೆ ಬೇಕು?

ಯಾವ ಪ್ರೋಗ್ರಾಂ ಆದರೂ ಒಂದು ಸೆಟ್ಟಿಂಗ್ ನೋಡಲೇಬೇಕು: ಎಸ್‌ಆರ್‌ಜಿಬಿ, ಅಂದರೆ ಚಿತ್ರದ ಸಂಖ್ಯೆಗಳನ್ನು ಪರದೆಯ ಬಣ್ಣಗಳೆಂದು ಓದಬೇಕು ಎನ್ನುವ ಗುರುತು. ಬಣ್ಣದ ಮ್ಯಾಪ್‌ಗೆ ಅದು ಇರಲಿ. ನಾರ್ಮಲ್, ರಫ್‌ನೆಸ್, ಮೆಟಾಲಿಕ್‌ಗೆ (ಎಲ್ಲಿ ಲೋಹ ಎಂದು ಹೇಳುವ ಮ್ಯಾಪ್) ಲೀನಿಯರ್, ಅಂದರೆ ಸಂಖ್ಯೆಗಳನ್ನು ಇದ್ದ ಹಾಗೇ ಓದುವುದು. ತಪ್ಪಿದರೆ ಬಣ್ಣ ಸಪ್ಪೆಯಾಗುತ್ತದೆ ಅಥವಾ ಮೇಲ್ಮೈ ಬೇಕಾದ್ದಕ್ಕಿಂತ ಹೊಳೆಯುತ್ತದೆ, ಆಮೇಲೆ ದೂರು ಬರುವುದು ಲೈಟಿಂಗ್ ಮಾಡಿದವರ ಮೇಲೆ. ಹಾಗೆಯೇ ನಾರ್ಮಲ್ ಮ್ಯಾಪ್‌ನ ಹಸಿರು ಚಾನೆಲ್ ನೋಡಿ, ಅದರ ದಿಕ್ಕು ಎರಡು ಪದ್ಧತಿಗಳಲ್ಲಿ ಒಂದಕ್ಕೊಂದು ಉಲ್ಟಾ. ಬ್ಲೆಂಡರ್, ಮತ್ತು ಗೇಮ್ ಎಂಜಿನ್‌ಗಳಲ್ಲಿ ಯೂನಿಟಿ, ಗೋಡೋ ಓಪನ್‌ಜಿಎಲ್ ಪದ್ಧತಿಯವು, ಅನ್‌ರಿಯಲ್ ಡೈರೆಕ್ಟ್‌ಎಕ್ಸ್ ಪದ್ಧತಿಯದು. ಉಬ್ಬು ಇರಬೇಕಾದಲ್ಲಿ ತಗ್ಗು ಕಂಡರೆ ಹಸಿರನ್ನು ತಿರುಗಿಸಿ. ಕಂಪ್ರೆಸ್ ಮಾಡುವ ಮೊದಲು ತಿರುಗಿಸಿ.

ಇನ್ನು ನಿಮ್ಮ ಮೊಬೈಲ್ ಯೋಚನೆ. ಅಲ್ಲಿ ಡಿಡಿಎಸ್ ಕೆಲಸ ಪೂರ್ತಿ ಮರೆತುಬಿಡಿ. ಮೊಬೈಲ್ ಚಿಪ್‌ಗಳ ಭಾಷೆ ಬೇರೆ: ಇಟಿಸಿ2 ಮತ್ತು ಎಎಸ್‌ಟಿಸಿ. ಆರ್ಮ್ ಕಂಪನಿ ರೂಪಿಸಿದ ಎಎಸ್‌ಟಿಸಿ ಇವತ್ತು ಮೊದಲ ಆಯ್ಕೆ, ಆ್ಯಪಲ್ ಫೋನ್‌ಗಳಲ್ಲಿ 2014ರ ಎ8 ಚಿಪ್‌ನಿಂದ ಇದೆ. ಅದರ ಸೊಗಸು ಏನೆಂದರೆ ತುಂಡಿನ ಅಳತೆಯನ್ನು ನಾವೇ ಆರಿಸಬಹುದು. ತುಂಡು ಯಾವ ಅಳತೆಯದಾದರೂ ಖರ್ಚು 16 ಬೈಟ್. 4×4 ಆದರೆ 2048ರ ಚಿತ್ರ 4 ಎಂಬಿ, 8×8 ಆದರೆ 1 ಎಂಬಿ. ನಡುವಿನ 6×6 ಎರಡು ಎಂಬಿಗೂ ಸ್ವಲ್ಪ ಕಡಿಮೆ. ಬಣ್ಣಕ್ಕೆ 6×6ರಿಂದ ಶುರು ಮಾಡಿ, ನಾರ್ಮಲ್‌ಗೆ 4×4 ಇರಲಿ, ಕಣ್ಣಿಗೆ ಬೀಳದ ಸಾಮಾನುಗಳನ್ನು 8×8ಕ್ಕೆ ಇಳಿಸಿ.

ಆದರೆ ಇದನ್ನೂ ನೀವು ಕೈಯಿಂದ ಮಾಡುವ ಅಗತ್ಯ ಬಹುಶಃ ಬರುವುದಿಲ್ಲ. ಯೂನಿಟಿ, ಅನ್‌ರಿಯಲ್, ಗೋಡೋ ಇವುಗಳಲ್ಲಿ ಯಾವುದನ್ನೇ ಬಳಸಿದರೂ ಪಿಎನ್‌ಜಿ ಅಥವಾ ಟಿಜಿಎ ಹಾಗೇ ಕೊಡಿ. ಈ ಟೆಕ್ಸ್ಚರ್ ಬಣ್ಣದ್ದೋ ನಾರ್ಮಲ್ಲೋ ಎಂದು ಇಂಪೋರ್ಟ್ ಸೆಟ್ಟಿಂಗ್‌ನಲ್ಲಿ ಸರಿಯಾಗಿ ಹೇಳಿದರೆ, ಪಿಸಿಗೆ ಬಿಸಿ, ಫೋನ್‌ಗೆ ಎಎಸ್‌ಟಿಸಿ ಎಂದು ಎಂಜಿನ್ ತಾನೇ ಮಾಡಿಕೊಳ್ಳುತ್ತದೆ. ಮೊದಲೇ ಡಿಡಿಎಸ್ ಮಾಡಿ ಎಂಜಿನ್‌ಗೆ ತುರುಕುವವರಿದ್ದಾರೆ. ಎಂಜಿನ್ ಅದನ್ನು ಬಿಡಿಸಿ ಫೋನ್‌ಗಾಗಿ ಮತ್ತೆ ಕಂಪ್ರೆಸ್ ಮಾಡಿದರೆ, ನಷ್ಟದ ಮೇಲೆ ಇನ್ನೊಂದು ನಷ್ಟ. ಎಂಜಿನ್ ಇಲ್ಲದೆ ನೀವೇ ಬರೆದ ಕೋಡ್‌ಗೆ ಬೇಕಾದರೆ ಆರ್ಮ್‌ನ ಎಎಸ್‌ಟಿಸಿ ಎನ್‌ಕೋಡರ್ ಇದೆ, ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಓಡುತ್ತದೆ. ಕಮಾಂಡ್ ಲೈನ್ ಬೇಡ, ಕಿಟಕಿಯೇ ಬೇಕು ಅನ್ನುವವರಿಗೆ ಇಮ್ಯಾಜಿನೇಷನ್ ಕಂಪನಿಯ ಪಿವಿಆರ್‌ಟೆಕ್ಸ್‌ಟೂಲ್.

ಬ್ರೌಸರ್‌ನಲ್ಲಿ ಓಡುವ ಗೇಮ್‌ನ ಕಥೆ ಮಾತ್ರ ಬೇರೆ. ಆಡುವವರು ಫೋನ್‌ನಲ್ಲಿದ್ದಾರೋ ಪಿಸಿಯಲ್ಲಿದ್ದಾರೋ ಮೊದಲೇ ಗೊತ್ತಿರುವುದಿಲ್ಲ. ಅಲ್ಲಿಗೆ ಕೆಟಿಎಕ್ಸ್2 ಫೈಲ್, ಒಳಗೆ ಬೇಸಿಸ್ ಯೂನಿವರ್ಸಲ್. ಫೈಲ್ ಒಂದೇ, ಲೋಡ್ ಆಗುವಾಗ ಆಯಾ ಸಾಧನಕ್ಕೆ ಬೇಕಾದ ಫಾರ್ಮ್ಯಾಟ್‌ಗೆ ಬದಲಾಗುತ್ತದೆ. ಕ್ರೋನೋಸ್ ಸಂಸ್ಥೆಯ ಉಚಿತ ಟೂಲ್‌ಗಳಲ್ಲಿ ಇದನ್ನು ತಯಾರಿಸಬಹುದು. ಅದರಲ್ಲಿ ಎರಡು ಮೋಡ್‌ಗಳಿವೆ: ಇಟಿಸಿ1ಎಸ್ ತುಂಬಾ ಚಿಕ್ಕ ಫೈಲ್ ಕೊಡುತ್ತದೆ, ಯುಎಎಸ್‌ಟಿಸಿ ಗುಣಮಟ್ಟ ಕಾಯುತ್ತದೆ. ನಾರ್ಮಲ್ ಮ್ಯಾಪ್‌ಗೆ ಎರಡನೆಯದನ್ನೇ ಹಾಕಿ.

ಸರಿಯಾಯಿತೋ ಇಲ್ಲವೋ ನೋಡುವುದು ಹೇಗೆ? ಚಿತ್ರವನ್ನು 800 ಪರ್ಸೆಂಟ್ ದೊಡ್ಡದು ಮಾಡಿ ಕೊರಗಬೇಡಿ. ಅಷ್ಟು ದೊಡ್ಡದಾಗಿ ನೋಡಿದರೆ ಎಲ್ಲ ಫಾರ್ಮ್ಯಾಟ್‌ಗಳೂ ಕೆಟ್ಟದಾಗಿಯೇ ಕಾಣುತ್ತವೆ. ಗೇಮ್ ಒಳಗೆ ಹಾಕಿ, ಆಡುವವರು ನಿಲ್ಲುವಷ್ಟು ದೂರದಲ್ಲಿ ನಿಂತು, ಬೆಳಕನ್ನು ಓರೆಯಾಗಿ ಬೀಳಿಸಿ ನೋಡಿ. ನಾರ್ಮಲ್ ಮ್ಯಾಪ್‌ನ ದೋಷ ಓರೆ ಬೆಳಕಿನಲ್ಲೇ ಸಿಕ್ಕಿಬೀಳುವುದು. ಹೊಸ ಗೇಮ್ ಮೇಲೆ ಕೆಲಸ ಮಾಡುವಾಗ ರೆಂಡರ್‌ಡಾಕ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಒಂದು ಫ್ರೇಮ್ ಹಿಡಿದು ನೋಡಬಹುದು: ಗ್ರಾಫಿಕ್ಸ್ ಕಾರ್ಡ್‌ಗೆ ಹೋದ ಟೆಕ್ಸ್ಚರ್ ಯಾವ ಫಾರ್ಮ್ಯಾಟ್‌ನಲ್ಲಿದೆ, ಎಷ್ಟು ಮಿಪ್‌ಮ್ಯಾಪ್ ಇದೆ ಎಂಬುದನ್ನು ಅದು ಬರೆದು ತೋರಿಸುತ್ತದೆ. ಡೈರೆಕ್ಟ್‌ಎಕ್ಸ್ 9ಕ್ಕೆ ಅದು ಬೆಂಬಲ ಕೊಡುವುದಿಲ್ಲ, ಹಾಗಾಗಿ ನಿಮ್ಮ ಈಗಿನ ಗೇಮ್‌ಗೆ ಕಣ್ಣೇ ಗತಿ.

ಕೊನೆಗೆ ಈಗ ಮಾಡಬೇಕಾದ್ದು. ಕಳಿಸಿಬಿಟ್ಟ ಡಿಡಿಎಸ್‌ಗಳನ್ನು ತೆರೆದು ತಿದ್ದಲು ಹೋಗಬೇಡಿ. ಅದರಲ್ಲಿ ಹೋದ ವಿವರ ಹೋಯಿತು. ತಿದ್ದಿ ಮತ್ತೆ ಉಳಿಸಿದರೆ ಇನ್ನಷ್ಟು ಹೋಗುತ್ತದೆ. ನಿಮ್ಮ ಪಿಎನ್‌ಜಿಗಳು ಇನ್ನೂ ಇವೆಯಲ್ಲ, ಅಲ್ಲಿಂದಲೇ ಶುರು ಮಾಡಿ. ಮೊದಲು ಎಲೆಗಳ ಸುತ್ತ ಬಣ್ಣ ಹರಡಿ, ಆಮೇಲೆ ನಾರ್ಮಲ್ ಮ್ಯಾಪ್‌ಗೆ ಬಿಸಿ5 ನಡೆಯುತ್ತದೋ ಬಿಸಿ3ಎನ್ಎಂ ಬೇಕೋ ಎಂದು ಗುಂಪಿಗೆ ಒಂದು ಸಾಲು ಬರೆದು ಕೇಳಿ. ಉತ್ತರ ಬಂದ ಮೇಲೆ ಎಕ್ಸ್‌ಪೋರ್ಟ್ ಒತ್ತಿ.